ಹಾರ್ಲೆಮ್ ರಿವರ್ ಡ್ರೈವ್ (1971): ಎಡ್ಡಿ ಪಾಲ್ಮಿಯೆರಿಯ ಈ ಪ್ಲೇಟನ್ನ ಯಾಕೆ ಮರೆತರು? ಇದರ ಲಯ ಬಿಡಿಸಿ ಹೇಳ್ತೀರಾ?

ಖಂಜಿರಪ್ರಿಯ:
ನ್ಯೂಯಾರ್ಕಿನ ಪಿಯಾನೊ ವಾದಕ ಎಡ್ಡಿ ಪಾಲ್ಮಿಯೆರಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು 'ದಿ ಸನ್ ಆಫ್ ಲ್ಯಾಟಿನ್ ಮ್ಯೂಸಿಕ್'. ಗ್ರ್ಯಾಮಿಯಲ್ಲಿ ಲ್ಯಾಟಿನ್ ವಿಭಾಗ ಶುರುವಾದಾಗ ಮೊದಲ ಪ್ರಶಸ್ತಿ ಬಂದಿದ್ದು ಅದಕ್ಕೇ, ಒಪ್ಪಿದೆ. ಆದರೆ ಅದಕ್ಕೂ ಮುಂಚೆ 1971ರಲ್ಲಿ ರೂಲೆಟ್ ಕಂಪನಿಯಿಂದ ಬಂದ 'ಹಾರ್ಲೆಮ್ ರಿವರ್ ಡ್ರೈವ್' ಬಗ್ಗೆ ಮಾತೇ ಏಳಲ್ಲ. ಐದೇ ಹಾಡು, ಎರಡೂ ಬದಿ ಸೇರಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ನ್ಯೂಯಾರ್ಕಿನ ಸಾಲ್ಸಾ (ಕ್ಯೂಬಾ ಬೇರಿನ ಕುಣಿತದ ಸಂಗೀತ) ಲಯಗಾರರು ಒಂದು ಕಡೆ, ಸೋಲ್ ಮತ್ತು ಫಂಕ್ (ಕಪ್ಪು ಅಮೆರಿಕನ್ನರ ಸಂಗೀತ) ಸ್ಟುಡಿಯೊ ವಾದಕರು ಇನ್ನೊಂದು ಕಡೆ, ಒಂದೇ ಕೋಣೆಯಲ್ಲಿ. ಇಷ್ಟು ಧೈರ್ಯದ ಕೆಲಸ ಆ ಕಾಲದಲ್ಲಿ ಕಮ್ಮಿ.

ಕೇಳ್ತಿರೋದು ಇಷ್ಟೇ. ಸಾಲ್ಸಾ ಕಿವಿಗೆ ಇದು ಫಂಕ್ ಥರ ಕೇಳತ್ತೆ, ಫಂಕ್ ಕಿವಿಗೆ ಯಾವುದೋ ಬೇರೆ ಲೆಕ್ಕ ಒಳಗೆ ಓಡ್ತಿದೆ ಅನ್ನಿಸತ್ತೆ. ಆ ಒಳಗಿನ ಲೆಕ್ಕ ಏನು? 'ಐಡ್ಲ್ ಹ್ಯಾಂಡ್ಸ್' ಥರದ ನಡೆಯನ್ನ ಡ್ರಮ್ ಸೆಟ್, ಕೊಂಗಾ (ಕೈಯಿಂದ ಬಾರಿಸೋ ಉದ್ದ ಡ್ರಮ್), ಬಾಸ್, ಕೀಬೋರ್ಡ್, ಒಂದು ಟ್ರಾಂಬೋನ್ ಇಟ್ಟುಕೊಂಡು ಐದು ಜನ ನುಡಿಸಬೇಕಾದರೆ ಯಾರಿಗೆ ಏನು ಹಂಚಬೇಕು? ಹಾಗೇ, ಇದನ್ನ ಯಾಕೆ ಮರೆತರು ಅನ್ನೋದೂ ಬೇಕು.

ಹಳೇಪ್ಲೇಟು:
ಮೊದಲು ಯಾರು ಯಾರು ಅಂತ ಸರಿಯಾಗಿ ತಿಳಿಯೋಣ, ಆಮೇಲೆ ಲಯ. ಪಿಯಾನೊ ಎಡ್ಡಿ ಪಾಲ್ಮಿಯೆರಿ, ಆರ್ಗನ್ ಅವರ ಅಣ್ಣ ಚಾರ್ಲಿ ಪಾಲ್ಮಿಯೆರಿ. ಗಾಯನ ಜಿಮ್ಮಿ ನಾರ್ಮನ್. ಟ್ರಾಂಬೋನ್ ಬ್ಯಾರಿ ರಾಜರ್ಸ್ ಮತ್ತು ಬ್ರೂಸ್ ಫೌಲರ್, ಟ್ರಂಪೆಟ್ಟಿನಲ್ಲಿ ರ‍್ಯಾಂಡಿ ಬ್ರೆಕರ್, ಬ್ಯಾರಿಟೋನ್ ಸ್ಯಾಕ್ಸೊಫೋನ್ ರಾನಿ ಕ್ಯೂಬರ್. ಗಿಟಾರ್ ಕಾರ್ನೆಲ್ ಡುಪ್ರೀ. ಬಾಸ್ ಮೂವರು: ಜೆರಿ ಜೆಮಾಟ್, ವಿಕ್ಟರ್ ವೆನೆಗಾಸ್, ಆ್ಯಂಡಿ ಗೊನ್ಸಾಲೆಸ್. ಡ್ರಮ್ ಸೆಟ್ಟಿಗೂ ಬರ್ನಾರ್ಡ್ ಪರ್ಡಿ ಒಬ್ಬರೇ ಅಲ್ಲ, ರೆಜಿ ಫರ್ಗ್ಯುಸನ್ ಮತ್ತು ಡೀನ್ ರಾಬರ್ಟ್ ಪ್ರ್ಯಾಟ್ ಇದ್ದಾರೆ. ತಿಂಬಾಲೆಸ್ (ಕಡ್ಡಿಯಿಂದ ಬಾರಿಸೋ ಜೋಡಿ ಡ್ರಮ್) ಮ್ಯಾನಿ ಒಕೆಂಡೊ ಮತ್ತು ನಿಕಿ ಮರೆರೊ, ಕೊಂಗಾ ಎಲಾದಿಯೊ ಪೆರೆಸ್.

ಪರ್ಡಿ, ಡುಪ್ರೀ, ಜೆಮಾಟ್ ಈ ಮೂವರು ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್ ತಂಡದವರು. ಅದೇ 1971ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ವೆಸ್ಟ್‌ನಲ್ಲಿ ಸೋಲ್ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಹಿಂದೆ ನುಡಿಸಿದ ಜೋಡಣೆ ಇದು. ಬಿ. ಬಿ. ಕಿಂಗ್ ಅವರ 'ದಿ ಥ್ರಿಲ್ ಈಸ್ ಗಾನ್'ನಲ್ಲಿ ಬಾಸ್ ನುಡಿಸಿದ್ದೂ ಜೆಮಾಟ್ ಅವರೇ. ಅಂದರೆ ಪಾಲ್ಮಿಯೆರಿ ಫಂಕ್ ಥರ ನುಡಿಸೋ ಸಾಲ್ಸಾದವರನ್ನ ಹುಡುಕಲಿಲ್ಲ, ಫಂಕ್ ಕಟ್ಟಿದವರನ್ನೇ ಕರೆಸಿಕೊಂಡರು. ಈ ಪ್ಲೇಟಿನ ಬೆಲೆ ಇರೋದೇ ಅಲ್ಲಿ.

ಬಾಸ್‌ಬೀದಿ:
ಸರಿಯಾಗಿ ಹೇಳಿದ್ರಿ. ಇದರ ಮೇಲೆ ಬರೆಯೋರು ಐದೂ ಹಾಡಿಗೂ ಪರ್ಡಿ ಹೆಸರನ್ನೇ ಹಾಕಿಬಿಡ್ತಾರೆ. ಮೂವರು ಡ್ರಮ್ಮರ್ ಹೆಸರು ಇರುವಾಗ ಹಾಗೆ ಬರೆಯೋದು ಉಳಿದ ಇಬ್ಬರಿಗೆ ಮಾಡೋ ಅನ್ಯಾಯ.

ಖಂಜಿರಪ್ರಿಯರ ಪ್ರಶ್ನೆಗೆ ಬಾಸ್ ಕಡೆಯಿಂದ ಉತ್ತರ. ಗಲಾಟೆ ಎಲ್ಲಾ '1'ನೇ ಪೆಟ್ಟಿನದು. ಫಂಕ್‌ನಲ್ಲಿ ಬಾಸ್ 1ರ ಮೇಲೆ ಕಾಲೂರಿ ನಿಲ್ಲಲೇಬೇಕು, ಮಿಕ್ಕಿದ್ದೆಲ್ಲ ಅಲಂಕಾರ. ಸಾಲ್ಸಾ ಬಾಸ್ ತದ್ವಿರುದ್ಧ. ಎಂಟು ಮಾತ್ರೆ ಎಣಿಸಿದರೆ ಅದು 4 ಮತ್ತು 7ರಲ್ಲಿ ನುಡಿಯತ್ತೆ, 7ರ ಸ್ವರವನ್ನ ಎಳೆದು ಮುಂದಿನ 1ರ ಮೇಲೆ ಹಾಯಿಸತ್ತೆ. 1 ಖಾಲಿ. ಅಷ್ಟೇ ಅಲ್ಲ, 7ರಲ್ಲಿ ನುಡಿಸೋದು ಮುಂದೆ ಬರೋ ಸ್ವರಮೇಳದ ಸ್ವರ, ಈಗಿನದ್ದಲ್ಲ. ಮನೆ ಬದಲಾಗೋ ಮುಂಚೆಯೇ ಬಾಸ್ ಹೊಸ ಮನೆಗೆ ಹೋಗಿ ಕೂತಿರತ್ತೆ. ಫಂಕ್ ಡ್ರಮ್ಮರ್ ಜತೆ ಇದನ್ನೇ ನುಡಿಸಿದರೆ ಕಿಕ್ ಡ್ರಮ್ (ಕಾಲಿನಿಂದ ಬಾರಿಸೋ ದೊಡ್ಡ ಡ್ರಮ್) 1ರಲ್ಲಿ ಒಂಟಿಯಾಗಿ ಬೀಳತ್ತೆ, ಕೇಳೋರಿಗೆ ಬಾಸ್ ತಪ್ಪಿದ ಹಾಗೆ ಅನ್ನಿಸತ್ತೆ.

ಪರಿಹಾರ ಸುಲಭ: 1, 4, 7. ಮೂರೂ ನುಡಿಸಿ. ಕ್ಯೂಬಾದವರು ಇದನ್ನ ತ್ರೆಸಿಯೊ ಅಂತಾರೆ. 1 ಫಂಕ್‌ನವರಿಗೆ, 4 ಮತ್ತು 7 ಸಾಲ್ಸಾದವರಿಗೆ, ಯಾರೂ ಮುನಿಸಿಕೊಳ್ಳಲ್ಲ.

ಕೊಂಗಾಕೈ:
ಬಾಸ್ ಸರಿಹೋದರೂ ಕೊಂಗಾ ಮತ್ತು ಸ್ನೇರ್ (ಡ್ರಮ್ ಸೆಟ್ಟಿನ ಗರಗರ ದನಿಯ ಡ್ರಮ್) ಜಗಳ ಇದ್ದೇ ಇದೆ. ಕೊಂಗಾದ ಮೂಲಪಾಠ ತುಂಬಾವೊ, ಎಂಟು ಪೆಟ್ಟು:

1 ಎಡ ಅಂಗೈ ಬುಡ, 2 ಎಡ ಬೆರಳ ತುದಿ, 3 ಬಲಗೈ ಸ್ಲ್ಯಾಪ್ (ಚಟೀರನೆ ಬಡಿಯೋ ಪೆಟ್ಟು), 4 ಎಡ ಬೆರಳ ತುದಿ, 5 ಎಡ ಅಂಗೈ ಬುಡ, 6 ಎಡ ಬೆರಳ ತುದಿ, 7 ಮತ್ತು 8 ಬಲಗೈ ತೆರೆದ ನಾದ.

ಕಿವಿಗೆ ಬೀಳೋದು 3, 7, 8 ಮಾತ್ರ, ಮಿಕ್ಕಿದ್ದು ಕೈಯನ್ನ ಲಯದಲ್ಲಿ ಇಡೋ ಸಣ್ಣ ಸದ್ದು. ಸ್ನೇರ್ ಬೀಳೋದು ಎರಡನೇ ಮತ್ತು ನಾಲ್ಕನೇ ತಾಳಕ್ಕೆ, ಅಂದರೆ 3 ಮತ್ತು 7ಕ್ಕೆ. ಕೊಂಗಾದ ಎರಡು ಮುಖ್ಯ ಪೆಟ್ಟಿನ ಮೇಲೂ ಸ್ನೇರ್ ಕೂತುಬಿಟ್ಟಿತಲ್ಲ! ಕೊಂಗಾ ಸತ್ತೇ ಹೋಗತ್ತೆ. ಡ್ರಮ್ಮರ್ ಒಂದು ಪೆಟ್ಟು ಬಿಡದೆ ದಾರಿಯಿಲ್ಲ.

ಲಯದಕಟ್ಟೆ:
ಕೊಂಗಾಕೈ ಅವರೇ, ಕೈಪಾಠ ಸರಿ, ಲೆಕ್ಕ ತಪ್ಪು. ಸಾಲ್ಸಾ ಎಣಿಸೋ ವೇಗಕ್ಕೂ ಫಂಕ್ ಎಣಿಸೋ ವೇಗಕ್ಕೂ ದುಪ್ಪಟ್ಟು ವ್ಯತ್ಯಾಸ ಇದೆ. ಸಾಲ್ಸಾದವರು ನಿಮಿಷಕ್ಕೆ 190 ಅಂತ ಎಣಿಸೋ ನಡೆಯನ್ನ ಫಂಕ್‌ನವರು 95 ಅಂತ ಎಣಿಸ್ತಾರೆ. ಹಾಗಾಗಿ ನಿಮ್ಮ ಎಂಟು ಪೆಟ್ಟಿನ ತುಂಬಾವೊ ಫಂಕ್‌ನ ಅರ್ಧ ಆವರ್ತಕ್ಕೆ ಮುಗಿಯತ್ತೆ. ಪೂರ್ತಿ ಆವರ್ತಕ್ಕೆ 16 ಮನೆ ಹಾಕಿ, ಹೊಸದಾಗಿ ತುಂಬಿ ನೋಡಿ:

ಸ್ನೇರ್: 5, 13
ಕೊಂಗಾ ಸ್ಲ್ಯಾಪ್: 3, 11
ಕೊಂಗಾ ತೆರೆದ ನಾದ: 7, 8, 15, 16
ಸೋನ್ ಕ್ಲಾವೆ (ಇಡೀ ಸಾಲ್ಸಾ ನಿಂತಿರೋ ಐದು ಪೆಟ್ಟಿನ ಮಾದರಿ): 1, 4, 7, 11, 13

ಸ್ನೇರ್ ಬೀಳೋ 5 ಮತ್ತು 13ರಲ್ಲಿ ಕೊಂಗಾದವರ ಅಂಗೈ ಬುಡ ಇರತ್ತೆ. ಅಂದರೆ ಕೊಂಗಾ ತೀರಾ ಮೆತ್ತಗಿರೋ ಜಾಗಕ್ಕೇ ಸ್ನೇರ್ ಬಂತು. ಜಗಳವೇ ಇಲ್ಲ, ಹೇಳಿ ಮಾಡಿಸಿದ ಹಾಗೆ ಒಂದರೊಳಗೊಂದು ಕೂರತ್ತೆ. ಮೇಲಾಗಿ ಎರಡನೇ ಸ್ನೇರ್ ಪೆಟ್ಟು ಕ್ಲಾವೆಯ ಕೊನೇ ಪೆಟ್ಟಿನ ಮೇಲೇ ಬೀಳತ್ತೆ, ಮೊದಲನೇದು ಕ್ಲಾವೆಯ 4 ಮತ್ತು 7ರ ನಡುವೆ ತೂರತ್ತೆ. ಲ್ಯಾಟಿನ್ ಫಂಕ್ ಅನ್ನೋದು ಸಾಧ್ಯವಾಗಿದ್ದೇ ಈ ಲೆಕ್ಕದಿಂದ.

ಕೊಂಗಾಕೈ:
ಹೌದು, ಅರ್ಧ ವೇಗಕ್ಕೆ ಇಳಿಸಿ ಎಣಿಸಿದರೆ ಹಾಗೇ ಬರತ್ತೆ, ಒಪ್ಪಿದೆ. ಆದರೆ ಬೂಗಲೂ (ಸೋಲ್ ಬೆರೆತ ಲ್ಯಾಟಿನ್ ಕುಣಿತ) ಹಾಡುಗಳಲ್ಲಿ ಸಾಲ್ಸಾ ಎಣಿಕೆಗೇ ಚಪ್ಪಾಳೆ ಬೀಳೋದುಂಟು, ಅಲ್ಲಿ ನಾನು ಹೇಳಿದ ಘರ್ಷಣೆ ನಿಜ. ಎರಡಕ್ಕೂ ಒಂದೇ ಸೂತ್ರ ಹಚ್ಚಬೇಡಿ.

ಲಯದಕಟ್ಟೆ:
ಅದು ಸರಿ. ಅದಕ್ಕೇ ನುಡಿಸೋ ಮುಂಚೆ ಡ್ರಮ್ಮರ್ ಮತ್ತು ಕೊಂಗಾದವರು 'ಯಾರ ಎಣಿಕೆ' ಅಂತ ಮಾತಾಡಿಕೊಳ್ಳಬೇಕು.

ಸಂಗೀತಾಸಕ್ತೆ:
16 ಮನೆ ಅಂದಿದ್ದಕ್ಕೆ ತಕ್ಷಣ ಹೊಳೀತು. ಕ್ಲಾವೆಯ ಪೆಟ್ಟುಗಳ ಅಂತರ 3, 3, 4, 2, 4. ಬಾಯಲ್ಲಿ ಹೇಳಿಕೊಂಡರೆ: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಪ್ರತಿ ಸೊಲ್ಲಿನ ಮೊದಲಕ್ಷರಕ್ಕೆ ಚಪ್ಪಾಳೆ ತಟ್ಟಿದರೆ ಕ್ಲಾವೆ ಕೈಗೆ ಬಂತು. ಆದಿತಾಳ ಹಾಕೋರಿಗೆ ಇನ್ನೂ ಸುಲಭ. ಚತುರಶ್ರ ನಡೆಯಲ್ಲಿ ಒಂದು ಆವರ್ತಕ್ಕೆ 32 ಮಾತ್ರೆ, ಲಘುವಿನಲ್ಲಿ ಒಂದು ಕ್ಲಾವೆ, ಎರಡು ದ್ರುತ ಸೇರಿ ಇನ್ನೊಂದು ಕ್ಲಾವೆ. ರುಂಬಾ ಕ್ಲಾವೆ ಬೇಕಾದರೆ ಮೂರನೇ ಪೆಟ್ಟನ್ನ ಒಂದು ಮಾತ್ರೆ ತಡ ಮಾಡಿ: ತಕಿಟ ತಕಧಿಮಿ ತಕಿಟ ತಕ ತಕಧಿಮಿ.

ಧಾರವಾಡದಾಂವ:
ಸೊಲ್ಲು ಚಲೋ ಅದ ರೀ, ಕಲಿಯೂದಕ್ಕ ಭಾಳ ಅನುಕೂಲ. ಆದರ ಕ್ಲಾವೆ ಅಂದ್ರ ತಾಳ ಅಂತ ತಿಳಕೋಬ್ಯಾಡ್ರಿ. ನಮ್ಮ ತಾಳ ಅಂದ್ರ ಕೈಯಾಗ ಎಣಿಸೂ ಚೌಕಟ್ಟು, ಅದರ ಮ್ಯಾಲ ಯಾವ ನುಡಿಕಾರ ಬೇಕಾದ್ರೂ ಕುಂದರಸಬಹುದು. ಕ್ಲಾವೆಗೆ ದಿಕ್ಕು ಅದ. ಮೂರು ಪೆಟ್ಟಿನ ಬದಿ ಒಂದು, ಎರಡು ಪೆಟ್ಟಿನ ಬದಿ ಒಂದು. ಹಾಡಿನ ಸಾಲು, ಪಿಯಾನೊ, ಟ್ರಾಂಬೋನ್ ಎಲ್ಲಾನೂ ಆ ಬದಿಗೆ ತಕ್ಕಂಗ ಕುಂದರಬೇಕು. ಅದಲು ಬದಲು ಆತಂದ್ರ ಅವರು 'ಕ್ರುಸಾದೊ' ಅಂತಾರ, ಅಡ್ಡಾತು ಅಂತ ಅರ್ಥ.

ಇನ್ನೊಂದು. ನಮ್ಮಲ್ಲಿ ಮುಕ್ತಾಯ, ತಿಹಾಯಿ ಎಲ್ಲಾ ಸಮಕ್ಕ ಬಂದು ಬೀಳ್ತಾವ, ಕೇಳೂರು ತಲಿ ಆಡಿಸ್ತಾರ. ಇವರ ನುಡಿ ಭಾಳ ಸಲ ಸಮ ಬಿಟ್ಟು ಅದರ ಮುಂಚೆನ ಮುಗೀತದ. ಬಾಸ್‌ಬೀದಿ ಹೇಳಿದ 7ನೇ ಪೆಟ್ಟಿನ ಕತಿನೂ ಅದನ. ಸಮಕ್ಕ ಕಾದು ಕುಂತ ಕಿವಿಗೆ ಇದು ಜಾರಿದಂಗ ಅನಸ್ತದ. ಜಾರಿಲ್ಲ, ಅದರ ಸ್ವಭಾವನ ಹಂಗ.

ಸಂಗೀತಾಸಕ್ತೆ:
ಒಪ್ಪಿದೆ. ಸೊಲ್ಲನ್ನ ಏಣಿಯ ಹಾಗೆ ಬಳಸಿ, ಹತ್ತಿದ ಮೇಲೆ ಬಿಡಬೇಕು.

ಮಲೆನಾಡ ಮಳೆ:
ಲೂಪ್ ಮಾಡಿಕೊಂಡು ಕಲಿಯೋರಿಗೆ ಒಂದು ಎಚ್ಚರಿಕೆ. ಈ 16 ಮನೆಯ ಆವರ್ತದಲ್ಲಿ ಎರಡು ತಾಳ (ಎಂಟು ಮನೆ) ಹೆಚ್ಚೋ ಕಮ್ಮಿಯೋ ಕತ್ತರಿಸಿದರೆ ಲೂಪ್ ಎರಡನೇ ಸುತ್ತಿಗೇ ಕ್ಲಾವೆ ತಿರುಗಿಹೋಗತ್ತೆ, ಮೂರರ ಬದಿ ಇರಬೇಕಾದ ಕಡೆ ಎರಡರ ಬದಿ. ಡ್ರಮ್ ಮಾತ್ರ ಕೇಳ್ತಿದ್ದರೆ ಗೊತ್ತೇ ಆಗಲ್ಲ, ಯಾಕಂದ್ರೆ 5 ಮತ್ತು 13 ಅರ್ಧರ್ಧ ಆವರ್ತಕ್ಕೆ ಸಮಾನ ಅಂತರದಲ್ಲಿವೆ. ಕತ್ತರಿಸೋಕೆ ಡ್ರಮ್ ಗುರುತು ಹಿಡೀಬೇಡಿ, ಪಿಯಾನೊ ಅಥವಾ ಟ್ರಾಂಬೋನ್ ಸಾಲಿನ ಶುರು ಹಿಡೀರಿ.

ಆಡಾಸಿಟಿಯಲ್ಲಿ (ಧ್ವನಿ ತಿದ್ದೋ ತಂತ್ರಾಂಶ) ಮಾಡೋರು 'ಚೇಂಜ್ ಟೆಂಪೋ' ಬಳಸಿ, 'ಚೇಂಜ್ ಸ್ಪೀಡ್' ಬೇಡ. ಎರಡನೇದರಲ್ಲಿ ಶ್ರುತಿಯೂ ಇಳಿಯತ್ತೆ, ಬಾಸ್ ಕೇಳದಷ್ಟು ಕೆಳಗೆ ಹೋಗತ್ತೆ. 70 ಪ್ರತಿಶತಕ್ಕೆ ಇಳಿಸಿದರೆ ಸಾಕು. ಅದಕ್ಕಿಂತ ಕೆಳಗೆ ಹೋದರೆ ಕೊಂಗಾ ಸ್ಲ್ಯಾಪ್ ಒಡೆದು ಎರಡಾಗಿ ಕೇಳತ್ತೆ, ಇಲ್ಲದ ಪೆಟ್ಟನ್ನ ಬರೆದುಕೊಂಡುಬಿಡ್ತೀರಿ. ಬಾಸ್ ಬರೆದುಕೊಳ್ಳುವಾಗ 250 ಹರ್ಟ್ಸ್ ಮೇಲಿನದನ್ನ ಸೋಸಿ ತೆಗೀರಿ, ಸ್ವರ ಗುರುತಿಸುವಾಗ ಮಾತ್ರ ಸೋಸುಗೆ ತೆಗೆದು ಇನ್ನೊಮ್ಮೆ ಕೇಳಿ.

ಹೊಸಬ_84:
ಮೊಬೈಲಲ್ಲಿ ಕೇಳಿದೆ, ಅಂಥಾ ವಿಶೇಷ ಏನೂ ಅನ್ನಿಸಲಿಲ್ಲ.

ಬಾಸ್‌ಬೀದಿ:
@ಹೊಸಬ_84 ಮೊಬೈಲ್ ಸ್ಪೀಕರಿನಲ್ಲಿ 200 ಹರ್ಟ್ಸ್ ಕೆಳಗಿನದು ಹೆಚ್ಚುಕಮ್ಮಿ ಬರೋದೇ ಇಲ್ಲ. ಬಾಸ್ ಗಿಟಾರಿನ ತೆರೆದ ಅತಿ ದಪ್ಪ ತಂತಿ 41 ಹರ್ಟ್ಸ್. ನೀವು ಕೇಳಿದ್ದು ಗಾಯನ, ಹಿತ್ತಾಳೆ ವಾದ್ಯ, ಸಿಂಬಲ್ ಅಷ್ಟೇ. ಈ ಆಲ್ಬಮ್ಮಿನ ವಾದವೆಲ್ಲ ನೆಲಮಾಳಿಗೆಯಲ್ಲಿ ನಡೀತಿದೆ. ಕಿವಿಗೆ ಹಾಕೋ ಸಾಧಾರಣ ಹೆಡ್‌ಫೋನ್ ಆದರೂ ಸಾಕು, 'ಸೀಡ್ಸ್ ಆಫ್ ಲೈಫ್'ನಿಂದ ಶುರು ಮಾಡಿ.

ಟ್ರಾಂಬೋನ್ ತಿಟ್ಟು:
ಎಲ್ಲರೂ ತಾಳದಲ್ಲೇ ಇದ್ದೀರಿ, ಬ್ಯಾರಿ ರಾಜರ್ಸ್ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲವಲ್ಲ! ಪಾಲ್ಮಿಯೆರಿ 1961ರಲ್ಲಿ ಕಟ್ಟಿದ ಲಾ ಪರ್ಫೆಕ್ತಾ ತಂಡದ ದನಿ ಅಂದರೆ ಇವರ ಟ್ರಾಂಬೋನ್. ಆಗ ಚರಂಗಾ ತಂಡಗಳಲ್ಲಿ ಕೊಳಲು ಮತ್ತು ಪಿಟೀಲು ಇರ್ತಿತ್ತು. ಎಡ್ಡಿ ಪಿಟೀಲು ತೆಗೆದು ಎರಡು ಟ್ರಾಂಬೋನ್ ಕೂರಿಸಿದರು, ಕೊಳಲು ಉಳಿಸಿಕೊಂಡರು. ಅಣ್ಣ ಚಾರ್ಲಿ ಅದಕ್ಕೆ 'ತ್ರೊಂಬಾಂಗಾ' ಅಂತ ಹೆಸರಿಟ್ಟರು. ಆಮೇಲೆ ನ್ಯೂಯಾರ್ಕ್ ಸಾಲ್ಸಾಕ್ಕೆ ಬಂದ ಆ ಒರಟು ಟ್ರಾಂಬೋನ್ ದನಿಯ ಬೇರು ಇದೇ.

1970ರಲ್ಲಿ ರಾಜರ್ಸ್ ಡ್ರೀಮ್ಸ್ ಅನ್ನೋ ಜಾಝ್-ರಾಕ್ ತಂಡದಲ್ಲಿದ್ದರು, ಬ್ರೆಕರ್ ಸಹೋದರರು ಮತ್ತು ಡ್ರಮ್ಮರ್ ಬಿಲ್ಲಿ ಕಾಬಮ್ ಜತೆ. ರ‍್ಯಾಂಡಿ ಬ್ರೆಕರ್ ಹೆಸರು ಇಲ್ಲಿ ಕಂಡರೆ ಅಚ್ಚರಿಪಡಬೇಡಿ, ಬಳಗ ಒಂದೇ.

ಈಗ ಕೆಲಸದ ಮಾತು. ಹಿತ್ತಾಳೆಯವರು ಹಾಡಿನ ಕೊನೆಯ ಭಾಗದಲ್ಲಿ ಒಂದರ ಮೇಲೊಂದು ಪೇರಿಸೋ ಸಣ್ಣ ಸಾಲಿಗೆ 'ಮೋನ್ಯಾ' ಅಂತಾರೆ. ಕಟ್ಟೋ ಕ್ರಮ: ಮೊದಲ ಟ್ರಾಂಬೋನ್ ಒಂದು ಕ್ಲಾವೆ ಉದ್ದದ ಸಾಲು ಹಿಡೀಲಿ, ಮೂರು ನಾಲ್ಕು ಸ್ವರ ಸಾಕು. ನಾಲ್ಕು ಸುತ್ತು ಅದೊಂದೇ. ಆಮೇಲೆ ಎರಡನೇ ವಾದ್ಯ ಮೊದಲನೇದರ ಬಿಡುವಿನಲ್ಲಿ ಉತ್ತರ ಕೊಡಲಿ. ಮತ್ತೆ ನಾಲ್ಕು ಸುತ್ತು ಆದಮೇಲೆ ಮೂರನೇದು ಮೇಲಿನ ಸ್ಥಾಯಿಯಲ್ಲಿ ಉದ್ದ ಸ್ವರ. ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಅದು ಬರೀ ಗದ್ದಲ, ಮೋನ್ಯಾ ಅಲ್ಲ. ಟ್ರಾಂಬೋನ್ ಒಂದೇ ಇದ್ದರೆ ಎರಡನೇ ಸಾಲನ್ನ ಕೀಬೋರ್ಡಿನ ಆರ್ಗನ್ ದನಿಗೆ ಕೊಡಿ. ರಾನಿ ಕ್ಯೂಬರ್ ಬ್ಯಾರಿಟೋನ್ ಮಾಡ್ತಿದ್ದ ಕೆಳಸ್ಥಾಯಿಯ ತಿವಿತವನ್ನ ಟ್ರಾಂಬೋನಿನಿಂದ ತರಿಸೋಕೆ ಹೋಗಬೇಡಿ, ಬಾಸ್ ಜತೆ ಸೇರಿ ಕೆಸರಾಗತ್ತೆ.

ಹಳೇಪ್ಲೇಟು:
ಬ್ರೂಸ್ ಫೌಲರ್ ಮತ್ತು ರಾನಿ ಕ್ಯೂಬರ್ ಇಬ್ಬರೂ ಆಮೇಲೆ ರಾಕ್ ಸಂಗೀತಗಾರ ಫ್ರ್ಯಾಂಕ್ ಝಾಪಾ ತಂಡದಲ್ಲಿ ನುಡಿಸಿದರು. ಜಿಮ್ಮಿ ನಾರ್ಮನ್ ಬಗ್ಗೆಯೂ ಹೇಳಲೇಬೇಕು. 'ಟೈಮ್ ಈಸ್ ಆನ್ ಮೈ ಸೈಡ್' ಹಾಡನ್ನ ರೋಲಿಂಗ್ ಸ್ಟೋನ್ಸ್ ಹಾಡಿ ಹೆಸರು ಮಾಡಿದರು. ಅವರಿಗೂ ಮುಂಚೆ 1963ರಲ್ಲಿ ಅದನ್ನ ಮೊದಲು ಧ್ವನಿಮುದ್ರಿಸಿದ್ದು ಕೈ ವೈಂಡಿಂಗ್ ಅನ್ನೋ ಟ್ರಾಂಬೋನ್ ವಾದಕ, ಆಗ ಮಾತುಗಳು ಬೆರಳೆಣಿಕೆಯಷ್ಟೇ ಇದ್ದವು. 1964ರಲ್ಲಿ ಐರ್ಮಾ ಥಾಮಸ್ ಹಾಡೋಕೆ ಪೂರ್ತಿ ಸಾಹಿತ್ಯ ತುಂಬಿಕೊಟ್ಟವರು ನಾರ್ಮನ್. ಮುಂದೆ ಅವರ ಹೆಸರೇ ಬಿಟ್ಟುಹೋಯಿತು. ಈ ಆಲ್ಬಮ್ಮಿನಲ್ಲಿ ಅವರ ದನಿಯಲ್ಲಿ ಅಳುಬುರುಕತನ ಇಲ್ಲ, ಬೀದಿಯಲ್ಲಿ ನಿಂತು ಲೆಕ್ಕ ಕೇಳೋ ಗತ್ತಿದೆ. ಅಂಥ ಗಾಯಕನನ್ನೂ ಇಷ್ಟು ಬೇಗ ಮರೆತಿದ್ದು ನೋವಿನ ಸಂಗತಿ.

ನದಿದಂಡೆ:
ಹೆಸರಿನ ಅರ್ಥ ಗೊತ್ತಿಲ್ಲದೆ ಕೇಳಿದರೆ ಅರ್ಧ ಹೋಗತ್ತೆ. ಹಾರ್ಲೆಮ್ ರಿವರ್ ಡ್ರೈವ್ ಮ್ಯಾನ್‌ಹ್ಯಾಟನ್‌ನ ಉತ್ತರ ಭಾಗದಲ್ಲಿ ನದಿ ಬದಿಯಲ್ಲಿ ಹೋಗೋ ವೇಗದ ರಸ್ತೆ. ಕಾರಿನಲ್ಲಿ ಹೋಗೋರು ಹಾರ್ಲೆಮ್ ಒಳಗೆ ಕಾಲಿಡದೆ ಅದರ ಅಂಚಿನಲ್ಲೇ ದಾಟಿಹೋಗಬಹುದು. ಎಡ್ಡಿ ಹುಟ್ಟಿದ್ದು 1936ರಲ್ಲಿ ಸ್ಪ್ಯಾನಿಷ್ ಹಾರ್ಲೆಮಿನಲ್ಲಿ, ಬೆಳೆದದ್ದು ನದಿಯಾಚೆ ಸೌತ್ ಬ್ರಾಂಕ್ಸಿನಲ್ಲಿ, ಹೆತ್ತವರು ಪೋರ್ಟೊ ರಿಕೊದ ಪೊನ್ಸೆಯವರು. ಆ ರಸ್ತೆಯ ಹೆಸರನ್ನ ತಂಡಕ್ಕೂ ಪ್ಲೇಟಿಗೂ ಇಟ್ಟಿದ್ದು, ಸ್ಪ್ಯಾನಿಷ್ ಬಿಟ್ಟು ಇಂಗ್ಲಿಷಿನಲ್ಲಿ ಹಾಡಿಸಿದ್ದು, ಮನೆ ಮುರಿದವರ ಬಗ್ಗೆ ಮತ್ತು ಕೆಲಸವಿಲ್ಲದ ಕೈಗಳ ಬಗ್ಗೆ ಹಾಡು ಮಾಡಿದ್ದು ಎಲ್ಲಾ ಒಂದೇ ಎಳೆ. ಕಪ್ಪು ಜನ ಮತ್ತು ಪೋರ್ಟೊ ರಿಕನ್ನರು ಅಕ್ಕಪಕ್ಕದ ಬೀದಿಯಲ್ಲಿ ಒಂದೇ ಬಡತನ ಉಣ್ಣುತ್ತಿದ್ದರು. ಸಂಗೀತ ಮಾತ್ರ ಬೇರೆ ಬೇರೆ ರೇಡಿಯೊದಲ್ಲಿ ಬರ್ತಿತ್ತು.

ಕೊಂಗಾಕೈ:
ಮರೆತುಹೋಗಿದ್ದಕ್ಕೂ ಅದೇ ಕಾರಣ ಅಂತ ನನ್ನ ವಾದ. ಸ್ಪ್ಯಾನಿಷ್ ಸ್ಟೇಷನ್ನಿಗೆ ಇಂಗ್ಲಿಷ್ ಹಾಡು ಬೇಡ, ಸೋಲ್ ಸ್ಟೇಷನ್ನಿಗೆ ತಿಂಬಾಲೆಸ್ ಜಾಸ್ತಿ. 'ಐಡ್ಲ್ ಹ್ಯಾಂಡ್ಸ್' ಎಂಟು ನಿಮಿಷ, 'ಬ್ರೋಕನ್ ಹೋಮ್' ಹತ್ತು ನಿಮಿಷ ದಾಟತ್ತೆ. ಮೂರು ನಿಮಿಷದ ಸಿಂಗಲ್ ಆಗೋ ಅಳತೆಯದ್ದು 'ಇಫ್' ಒಂದೇ, ಅದು ಆಲ್ಬಮ್ಮಿನ ತೀರಾ ಮೆದು ಹಾಡು.

ಹಳೇಪ್ಲೇಟು:
ಅಷ್ಟಕ್ಕೇ ನಿಲ್ಲಿಸಬೇಡಿ. ಮೊಂಗೊ ಸಾಂತಾಮರಿಯಾ 1963ರಲ್ಲೇ 'ವಾಟರ್‌ಮೆಲನ್ ಮ್ಯಾನ್' ನುಡಿಸಿ ಪಾಪ್ ಪಟ್ಟಿಯ ಮೊದಲ ಹತ್ತರೊಳಗೆ ಬಂದಿದ್ದರು. ಜೋ ಕ್ಯೂಬಾರ 'ಬ್ಯಾಂಗ್ ಬ್ಯಾಂಗ್' 1966ರಲ್ಲಿ ಎಲ್ಲ ಕಡೆ ಓಡಿತು. ಕೇಳೋರು ಇದ್ದರು. ಆದರೆ ಅವೆಲ್ಲ ಕುಣಿತದ ಹಾಡು. ಪಾಲ್ಮಿಯೆರಿ ಕುಣಿತದ ಜತೆ ಸಿಟ್ಟನ್ನೂ ಸೇರಿಸಿದರು, 1969ರ 'ಹುಸ್ತಿಸಿಯಾ' ಆಲ್ಬಮ್ಮಿನಲ್ಲೇ ಅದು ಶುರುವಾಗಿತ್ತು. ಕಂಪನಿಗಳಿಗೆ ಬೇಕಾಗಿದ್ದು ಕುಣಿತ ಮಾತ್ರ.

ಕೊಂಗಾಕೈ:
ಸಿಟ್ಟಿನ ಹಾಡು ಓಡಲ್ಲ ಅನ್ನೋದನ್ನ ಒಪ್ಪಲ್ಲ. ಅದೇ 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂತು, ಎಷ್ಟು ಓಡಿತು ನೋಡಿ.

ಹಳೇಪ್ಲೇಟು:
ಗೇ ಅವರ ಕಂಪನಿ ಮೋಟೌನ್ ಅದನ್ನ ಅಂಗಡಿ ಅಂಗಡಿಗೂ ಮುಟ್ಟಿಸಿತು. ಆ ಬಲ ಇಲ್ಲಿ ಇರಲಿಲ್ಲ ಅನ್ನೋದೇ ನನ್ನ ಮಾತು.

ಸಂಜೆರಾಗ:
ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಕ್ಷಮಿಸಿ. ಜಾಝ್‌ನಲ್ಲಿ ಮರೆತುಹೋದ ಪ್ಲೇಟು ಅಂದರೆ ನಮ್ಮ ಬೆಂಗಳೂರಿನದೂ ಒಂದಿದೆ. ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ ಮಾಡಿದ 'ಜ್ಯೋತಿ', ಇಸಿಎಂ ಕಂಪನಿ, 1983. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಅಲ್ಲೂ ಇದೇ ಪ್ರಶ್ನೆ: ಎರಡು ಲಯಪದ್ಧತಿ ಸೇರಿದಾಗ ಯಾರು ಯಾರಿಗೆ ಜಾಗ ಬಿಡಬೇಕು.

ಧಾರವಾಡದಾಂವ:
'ಜ್ಯೋತಿ' ಭಾಳ ಚಲೋ ಪ್ಲೇಟ್ ರೀ. ಆದರ ಅಲ್ಲಿ ಮರಿಯಾನೊ ಒಬ್ಬರ ಹೊರಗಿಂದ ಬಂದವರು, ನಮ್ಮ ಲಯದೊಳಗ ತಾವ ಕುಂತರು. ಇಲ್ಲಿ ಎರಡೂ ಕಡಿಯವರು ಪೂರಾ ದಂಡು ಕಟ್ಟಿಕೊಂಡು ಬಂದಾರ. ಅದು ಬ್ಯಾರೆ ಕತಿ. ಅದಕ್ಕ ಹೊಸಾ ಚರ್ಚಾ ತಗೀರಿ, ನಾನೂ ಬರ್ತೀನಿ.

ಡ್ರಮ್‌ದೊಣ್ಣೆ:
ಡ್ರಮ್ ಸೆಟ್ಟಿನ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ. ಲಯದಕಟ್ಟೆ ಕೊಟ್ಟ ಪಟ್ಟಿ ನೋಡಿ: ಕೊಂಗಾದ ತೆರೆದ ನಾದ 7, 8, 15, 16ರಲ್ಲಿ. ಬರ್ನಾರ್ಡ್ ಪರ್ಡಿ ಅಂದರೆ ಸ್ನೇರ್ ಮೇಲಿನ ಪಿಸುಪೆಟ್ಟು, ಘೋಸ್ಟ್ ನೋಟ್ ಅಂತಾರಲ್ಲ, ಅದು. ಕಲಿಯೋರು ಅದನ್ನ ಎಲ್ಲ ಖಾಲಿ ಮನೆಯಲ್ಲೂ ತುಂಬಿಬಿಡ್ತಾರೆ. ಕೊಂಗಾ ಇಲ್ಲದ ತಂಡದಲ್ಲಿ ಸರಿ. ಕೊಂಗಾ ಇದ್ದಾಗ 7, 8, 15, 16 ಬಿಟ್ಟು 2, 6, 10, 14ರಲ್ಲಿ ಮಾತ್ರ ಇಡಿ. ಕಡ್ಡಿ ಚರ್ಮದಿಂದ ಒಂದು ಅಂಗುಲಕ್ಕಿಂತ ಮೇಲೆ ಏಳಬಾರದು. ಮುಖ್ಯ ಪೆಟ್ಟಿಗೆ ಆರೇಳು ಅಂಗುಲ ಎತ್ತಿ. ಈ ವ್ಯತ್ಯಾಸ ಇಲ್ಲದಿದ್ದರೆ ಪಿಸುಪೆಟ್ಟು ಮುಖ್ಯ ಪೆಟ್ಟಿನ ಹಾಗೇ ಕೇಳಿ ಕ್ಲಾವೆ ಮುಚ್ಚಿಹೋಗತ್ತೆ.

ಕಿಕ್ 1 ಮತ್ತು 4ರಲ್ಲಿ, ಬೇಕಾದರೆ 7. ಎರಡನೇ ಅರ್ಧದಲ್ಲಿ 11 ಒಂದೇ. ಕಿಕ್ಕಿನೊಳಗೆ ಒಂದು ಮಡಚಿದ ಕಂಬಳಿ ಇಟ್ಟು ಅನುರಣನೆ ಕತ್ತರಿಸಿ, ಇಲ್ಲದಿದ್ದರೆ ಅದರ ಬಾಲ ಬಾಸಿನ 4ರ ಮೇಲೆ ಬೀಳತ್ತೆ.

ಲಯದಕಟ್ಟೆ:
ತಿಂಬಾಲೆಸ್ ಇಲ್ಲದ ಐದು ಜನಕ್ಕೆ ಗಂಟೆ (ಕಡ್ಡಿಯಿಂದ ಬಾರಿಸೋ ಕೌಬೆಲ್) ಯಾರು ಬಾರಿಸಬೇಕು?

ಡ್ರಮ್‌ದೊಣ್ಣೆ:
ಡ್ರಮ್ಮರ್ ಬಲಗೈ. ಹೈಹ್ಯಾಟ್ (ಜೋಡಿ ಸಿಂಬಲ್) ಬಿಟ್ಟು ಹಾಡಿನ ಕೊನೇ ಭಾಗದಲ್ಲಿ ಮಾತ್ರ ಗಂಟೆಗೆ ಹೋಗಲಿ. ಶುರುವಿನಿಂದಲೇ ಗಂಟೆ ಹಿಡಿದರೆ ಏರೋಕೆ ಜಾಗವೇ ಉಳಿಯಲ್ಲ. ಮ್ಯಾನಿ ಒಕೆಂಡೊ ನುಡಿಸಿದ್ದನ್ನ ಗಮನವಿಟ್ಟು ಕೇಳಿ, ಕಮ್ಮಿ ಪೆಟ್ಟು, ಕರಾರುವಾಕ್ಕಾದ ಜಾಗ. 1965ರ ಹೊತ್ತಿಗೆ ಕ್ಯೂಬಾದ ಮೊಸಾಂಬಿಕೆ ಲಯವನ್ನ ಪಾಲ್ಮಿಯೆರಿ ತಂಡದಲ್ಲಿ ತಿಂಬಾಲೆಸ್‌ಗೆ ಹೊಂದಿಸಿದವರೂ ಅವರೇ. ಅಷ್ಟು ದೊಡ್ಡ ತಂಡದ ದೊಂಬಿಯಲ್ಲಿ ಸುಮ್ಮನಿರೋ ಕಲೆ ಅವರಿಂದ ಕಲೀಬೇಕು.

ಬಾಸ್‌ಬೀದಿ:
ಬಾಸ್ ದನಿಯ ಬಗ್ಗೆಯೂ ಒಂದು ಮಾತು. ಸಾಲ್ಸಾದಲ್ಲಿ ನಿಂತು ನುಡಿಸೋ ದೊಡ್ಡ ಬಾಸ್ ಅಥವಾ ಆ್ಯಂಪೆಗ್ ಬೇಬಿ ಬಾಸ್ (ನಿಲ್ಲಿಸಿ ನುಡಿಸೋ ವಿದ್ಯುತ್ ಬಾಸ್), ದನಿ 'ಧಮ್' ಅಂತ ಎದ್ದು ತಕ್ಷಣ ಅಡಗತ್ತೆ. ಜೆಮಾಟ್ ನುಡಿಸ್ತಿದ್ದದ್ದು ಫೆಂಡರ್ ಜಾಝ್ ಬಾಸ್. ಈಗಿನ ಹೊಸ ತಂತಿ ಹಾಕಿದ ಗಿಟಾರಿನಲ್ಲಿ ದನಿ ತುಂಬಾ ಹೊತ್ತು ನಿಲ್ಲತ್ತೆ, 4ರ ಸ್ವರ 7ರವರೆಗೂ ಎಳೆದು ಲಯದ ಕೀಲೆಲ್ಲ ಮುಚ್ಚಿಹಾಕತ್ತೆ. ಚಪ್ಪಟೆ ಸುತ್ತಿನ ತಂತಿ ಹಾಕಿ, ಸೇತುವೆ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ಸಿಗಿಸಿ. ತಂತಿಗೆ ಮುಟ್ಟಬೇಕು, ಒತ್ತಬಾರದು. ಒತ್ತಿದರೆ ಶ್ರುತಿ ಏರತ್ತೆ.

ಖಂಜಿರಪ್ರಿಯ:
ಇಷ್ಟೆಲ್ಲ ಬರತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೀಬೋರ್ಡ್ ಒಬ್ಬರೇ ಇದ್ದಾಗ ಎಡ್ಡಿಯ ಪಿಯಾನೊ ಹಿಡೀಬೇಕಾ, ಚಾರ್ಲಿಯ ಆರ್ಗನ್ ಹಿಡೀಬೇಕಾ?

ಟ್ರಾಂಬೋನ್ ತಿಟ್ಟು:
ಆರ್ಗನ್. ಉದ್ದ ಸ್ವರ ಹಿಡಿಯೋಕೆ ಬೇರೆ ಯಾರೂ ಇಲ್ಲ.

ಲಯದಕಟ್ಟೆ:
ಖಂಡಿತ ಅಲ್ಲ, ಪಿಯಾನೊ! ಎಡ್ಡಿ ಹುಡುಗನಾಗಿದ್ದಾಗ ತಿಂಬಾಲೆಸ್ ನುಡಿಸ್ತಿದ್ದವರು, ಅವರ ಪಿಯಾನೊ ಅಂದರೆ ಇನ್ನೊಂದು ತಾಳವಾದ್ಯ. ಕ್ಲಾವೆ ಕಡ್ಡಿ ಬಾರಿಸೋರು ತಂಡದಲ್ಲಿ ಇಲ್ಲದಾಗ ಅದನ್ನ ಹೊರಬೇಕಾದ್ದು ಪಿಯಾನೊದ ಮೊಂತೂನೊ, ಅಂದರೆ ಮತ್ತೆ ಮತ್ತೆ ಸುತ್ತಿ ಬರೋ ಸಾಲು. ಎರಡರ ಬದಿಯಲ್ಲಿ ತಾಳದ ಮೇಲೆ ಶುರು, ಮೂರರ ಬದಿಯಲ್ಲಿ ತಾಳದ ನಡುವೆ. ಎರಡೂ ಕೈ ಒಂದೇ ಸಾಲನ್ನ ಬೇರೆ ಬೇರೆ ಸ್ಥಾಯಿಯಲ್ಲಿ. ನಡುವಿನ ಸಾ, ಅಂದರೆ ಮಿಡ್ಲ್ ಸಿ, ಅದಕ್ಕಿಂತ ತುಂಬಾ ಕೆಳಗೆ ಎಡಗೈ ಇಳಿಯಬಾರದು, ಅಲ್ಲಿ ಬಾಸ್ ಇದೆ. ಪೆಡಲ್ ಒತ್ತಲೇಬೇಡಿ.

ಟ್ರಾಂಬೋನ್ ತಿಟ್ಟು:
ಫಂಕ್ ನಡೆಯ ಮೇಲೆ ಪೂರ್ತಿ ಹಾಡಿಗೆ ಮೊಂತೂನೊ ಹಿಡಿದರೆ ಗಾಯಕರಿಗೆ ಉಸಿರಾಡೋಕೂ ಜಾಗ ಇರಲ್ಲ. ಗಾಯನ ಇರೋವರೆಗೆ ಆರ್ಗನ್, ಗಾಯನ ಮುಗಿದ ಮೇಲೆ ಪಿಯಾನೊ. ಇಷ್ಟಕ್ಕಾದರೂ ಒಪ್ಪಿ.

ಲಯದಕಟ್ಟೆ:
ಅದಕ್ಕೆ ಒಪ್ಪಿದೆ. ಬದಲಾಯಿಸೋ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ, ಇಲ್ಲದಿದ್ದರೆ ಬಟನ್ ಒತ್ತೋ ಗಡಿಬಿಡಿಯಲ್ಲಿ ಕ್ಲಾವೆಯ ತಪ್ಪು ಬದಿಯಿಂದ ಶುರುವಾಗಿಬಿಡತ್ತೆ.

ನದಿದಂಡೆ:
ಇದನ್ನ ಕೇಳಿ ಮುಗಿಸಿದವರು 'ಸಿಂಗ್ ಸಿಂಗ್' ಧ್ವನಿಮುದ್ರಣವನ್ನೂ ಹುಡುಕಿ. ನ್ಯೂಯಾರ್ಕಿನ ಉತ್ತರಕ್ಕೆ ಆಸಿನಿಂಗ್‌ನಲ್ಲಿ ಹಡ್ಸನ್ ನದಿ ದಂಡೆಯ ಜೈಲು ಅದು. ಪಾಲ್ಮಿಯೆರಿ ತಂಡ ಮತ್ತು ಹಾರ್ಲೆಮ್ ರಿವರ್ ಡ್ರೈವ್ ಒಟ್ಟಿಗೆ ಕೈದಿಗಳ ಮುಂದೆ ನುಡಿಸಿದ್ದನ್ನ ತಿಕೊ ಕಂಪನಿ 1972ರಲ್ಲಿ ಹೊರತಂದಿತು. ಕವಿ ಫೆಲಿಪೆ ಲುಸಿಯಾನೊ ಅವರ ಮಾತೂ ಅದರಲ್ಲಿದೆ. ಸ್ಟುಡಿಯೊದ ನಯ ಇಲ್ಲ, ಆದರೆ ಜನರ ಕೂಗಿಗೆ ತಂಡ ಏರೋ ರೀತಿ ಮೈ ನವಿರೇಳಿಸತ್ತೆ.

ಹೊಸಬ_84:
ಹೆಡ್‌ಫೋನ್ ಹಾಕಿ 'ಸೀಡ್ಸ್ ಆಫ್ ಲೈಫ್' ಕೇಳಿದೆ. ಬೇರೆಯೇ ಹಾಡು ಇದು! ಮೊದಲು ಹೇಳಿದ್ದನ್ನ ವಾಪಸ್ ತಗೊಂಡೆ. ಹಳೇ ಪ್ಲೇಟೇ ಬೇಕಾದರೆ ಏನು ನೋಡಬೇಕು?

ಹಳೇಪ್ಲೇಟು:
ಮರುಮುದ್ರಣ ಸಿಕ್ಕಿದರೆ ಅದನ್ನೇ ತಗೊಳ್ಳಿ, ಕೇಳೋಕೆ ಸಾಕು. ಹಳೇದು ತಗೊಳ್ಳೋದಾದರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ಸಿಗದ ಕೂದಲೆಳೆ ಗೀರು ಪರವಾಗಿಲ್ಲ, ಉಗುರು ಸಿಕ್ಕಿಕೊಳ್ಳೋ ಗೀರಿದ್ದರೆ ಮುಳ್ಳು ಹಾರತ್ತೆ. ಪ್ಲೇಟಿನ ಸುರುಳಿ ಗೆರೆಗಳ ಹೊಳಪು ಹೋಗಿ ಬೂದಿ ಬಣ್ಣ ಬಂದಿದ್ದರೆ ಭಾರದ ಮುಳ್ಳಿನಲ್ಲಿ ಸವೆದಿದೆ ಅಂತ ಅರ್ಥ, ಎಷ್ಟು ತೊಳೆದರೂ ಹಿತ್ತಾಳೆ ದನಿ ಒಡೆದೇ ಬರತ್ತೆ. 'ಬ್ರೋಕನ್ ಹೋಮ್' ಥರ ಮೆತ್ತಗಿನ ಜಾಗ ಇರೋ ಎರಡನೇ ಬದಿಯನ್ನ ಮೊದಲು ಹಾಕಿಸಿ ಕೇಳಿ, ಸರಸರ ಸದ್ದು ಅಲ್ಲೇ ಬಯಲಾಗೋದು.

ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯೋದು ಇನ್ನೊಂದು ಕಾಟ. ಬಟ್ಟಿ ಇಳಿಸಿದ ನೀರು ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ಪಾತ್ರೆ ತೊಳೆಯೋ ಸೋಪು ಒಂದೇ ಹನಿ. ಮೈಕ್ರೊಫೈಬರ್ ಬಟ್ಟೆಯಿಂದ ಸುರುಳಿ ಗೆರೆಯ ಗುಂಟ ಒರೆಸಿ, ಅಡ್ಡ ಒರೆಸಬೇಡಿ. ಆಮೇಲೆ ಬರೀ ಬಟ್ಟಿ ನೀರಿನಿಂದ ಇನ್ನೊಮ್ಮೆ, ಇಲ್ಲದಿದ್ದರೆ ಸೋಪಿನ ಅಂಶ ಒಣಗಿ ಮುಳ್ಳಿಗೆ ಮೆತ್ತಿಕೊಳ್ಳತ್ತೆ. ಈ ಮಿಶ್ರಣವನ್ನ ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ಪ್ಲೇಟಿಗೆ ಮಾತ್ರ ಹಾಕಲೇಬೇಡಿ, ಆಲ್ಕೊಹಾಲಿಗೆ ಅರಗು ಕರಗತ್ತೆ. ಒಳಗಿನ ಕಾಗದದ ಚೀಲಕ್ಕೆ ಬೂಷ್ಟು ಹತ್ತಿದ್ದರೆ ಎಸೆದು ಹೊಸದು ಹಾಕಿ, ಅದೇ ಚೀಲಕ್ಕೆ ತುರುಕಿದರೆ ಎರಡು ವಾರಕ್ಕೆ ಮತ್ತೆ ಬರತ್ತೆ.